ಮಾವನ ‘ಹೌದು’

ಮಾವನ ಎಡ ಪಾದದ ಗಂಟಿನ ಮೇಲೆ ಎರಡು ಬೆರಳು ಅಗಲದ ಒಂದು ಬೋಳು ಪಟ್ಟಿ ಇತ್ತು. ಕಾಲಿನ ಉಳಿದ ಭಾಗದಲ್ಲೆಲ್ಲ ದಟ್ಟ ಕೂದಲು. ಅಲ್ಲಿ ಮಾತ್ರ ಚರ್ಮ ಬಿಳಿಚಿಕೊಂಡು, ಹಳೆಯ ಸುಟ್ಟಗಾಯದ ಹಾಗೆ ಸಣ್ಣಗೆ ಹೊಳೆಯುತ್ತಿತ್ತು. ಕೋರ್ಟು ಹಾಕಿಸಿದ್ದ ಸಾಧನವನ್ನು ಬಿಚ್ಚಿದ ಮೇಲೂ ಅಲ್ಲಿ ಕೂದಲು ಮತ್ತೆ ಬರಲಿಲ್ಲ. ಸೋಫಾದ ಮೇಲೆ ಕಾಲು ಚಾಚಿ ಟಿ.ವಿ. ನೋಡುವಾಗ ಅವರು ಬಲಗಾಲಿನ ಹೆಬ್ಬೆರಳಿನಿಂದ ಆ ಜಾಗವನ್ನು ಉಜ್ಜುತ್ತಿದ್ದರು. ಹಾಗೆ ಮಾಡುತ್ತಿರುವುದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಅತ್ತೆ ನೋಡಿಯೂ ನೋಡದಂತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಉಡುಪಿ ಕಡೆಯವರು, ಮನೆಮಾತು ತುಳು. ಡಚ್ಚರ ದೇಶದ ಐಂಡ್‌ಹೋವನ್‌ನಲ್ಲಿ ಚಿಪ್ ತಯಾರಿಕೆಯ ಯಂತ್ರಗಳನ್ನು ಜೋಡಿಸಿ ಪರೀಕ್ಷಿಸುವ ಎಂಜಿನಿಯರ್. ನಾನು ಡೆಲ್ಫ್ಟ್‌ಗೆ ಓದಲು ಬಂದಾಗ ವಿಮಾನ ನಿಲ್ದಾಣದಲ್ಲಿ ನನ್ನ ಎರಡು ಸೂಟ್‌ಕೇಸ್‌ಗಳನ್ನೂ ತಾವೇ ಎಳೆದುಕೊಂಡು ಹೊರಟವರು, ಮುಂದೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ಕೇಳಿದ ಮೊದಲ ಪ್ರಶ್ನೆ, “ಸೈಕಲ್ ಬರ್ತದಾ ನಿಂಗೆ?” ಬರುವುದಿಲ್ಲ ಎಂದೆ. “ಹಾಗಾದ್ರೆ ಇಲ್ಲಿ ನೀನು ಕಾಲಿಲ್ಲದವಳ ಹಾಗೆ. ಈ ಆದಿತ್ಯವಾರವೇ ಶುರು ಮಾಡುವ.”

ಭಾನುವಾರ ಅಂಗಡಿ ತೆರೆಯುವ ಮೊದಲು ಸೂಪರ್‌ಮಾರ್ಕೆಟ್ಟಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಪಾಠ. ಐವತ್ತು ದಾಟಿದ ಮನುಷ್ಯ ಸೀಟಿನ ಹಿಂಬದಿ ಹಿಡಿದು ನನ್ನ ಹಿಂದೆ ಓಡುತ್ತಿದ್ದರು. ಬಲಗಾಲಿನ ಪ್ಯಾಂಟು ಚೈನಿಗೆ ಸಿಗದ ಹಾಗೆ, ಸೊಪ್ಪಿನ ಕಟ್ಟಿಗೆ ಬಂದ ನೀಲಿ ರಬ್ಬರ್ ಬ್ಯಾಂಡನ್ನು ಹಾಕಿಕೊಳ್ಳುವುದು ಅವರ ಅಭ್ಯಾಸ. ಆಫೀಸಿನಲ್ಲಿ ಅದನ್ನು ತೆಗೆಯಲು ಮರೆತು ಮೀಟಿಂಗಿನಲ್ಲಿ ಕೂತದ್ದೂ ಉಂಟಂತೆ. ಯಾರೋ ಅದರತ್ತ ತೋರಿಸಿ ಏನೋ ಹೇಳಿದರೆ ಇವರು “ಯಾ, ಯಾ” ಎಂದು ತಲೆಯಾಡಿಸಿ ಹಾಗೆಯೇ ಕೂತಿರುತ್ತಿದ್ದರು.

ಈ “ಯಾ, ಯಾ” ಬಗ್ಗೆ ಇಲ್ಲೇ ಹೇಳಬೇಕು. ಡಚ್ ಭಾಷೆಯಲ್ಲಿ ‘ಯಾ’ ಎಂದರೆ ಹೌದು. ಆದರೆ ಮಾವನ ‘ಯಾ’ ಡಚ್ಚರದಾಗಿರಲಿಲ್ಲ. ತುಳುವಿನಲ್ಲಿ ‘ಅಂದ್’ ಎಂಬ ಮಾತಿದೆ. ಹೌದು ಎನ್ನುವುದಕ್ಕೂ ಅದೇ, ಕೇಳಿಸುತ್ತಿದೆ ಎನ್ನುವುದಕ್ಕೂ ಅದೇ, ಮುಂದೆ ಹೇಳು ಎನ್ನುವುದಕ್ಕೂ ಅದೇ. ನಮ್ಮ ಕಡೆ ಒಬ್ಬರು ಕಥೆ ಹೇಳುವಾಗ ಇನ್ನೊಬ್ಬರು “ಅಂದ್, ಅಂದ್” ಎನ್ನದಿದ್ದರೆ ಹೇಳುವವರು ಮಾತು ನಿಲ್ಲಿಸಿ, “ಕೇಣುಂಡಾ?”, ಕೇಳಿಸುತ್ತಿದೆಯಾ, ಎಂದು ವಿಚಾರಿಸುತ್ತಾರೆ. ಮಾವ ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದು, ಇಲ್ಲಿನ ಭಾಷೆಯನ್ನು ಕಷ್ಟಪಟ್ಟು ಕಲಿತು, ಪರೀಕ್ಷೆ ಪಾಸು ಮಾಡಿ, ಪೌರತ್ವ ಪಡೆದವರು. ಆದರೆ ಅವರ ‘ಅಂದ್’ ಮಾತ್ರ ಹಾಗೆಯೇ ಉಳಿದು, ವೇಷ ಬದಲಿಸಿ ‘ಯಾ’ ಆಗಿತ್ತು.

ಓದು ಮುಗಿದ ಮೇಲೆ ನಾನು ನೈಮೆಗನ್‌ನಲ್ಲಿ ಒಂದು ಸಣ್ಣ ಇಂಗ್ಲಿಷ್ ಸುದ್ದಿಸಂಸ್ಥೆಗೆ ಸೇರಿದೆ. ಕೋರ್ಟಿನ ವರದಿ ನನ್ನ ಪಾಲಿಗೆ ಬಂತು. ಎಂಜಿನಿಯರಿಂಗ್ ಓದಿ ಪತ್ರಕರ್ತೆಯಾದದ್ದನ್ನು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಮಾವ ಒಪ್ಪಿದರೋ ಇಲ್ಲವೋ ನನಗೆ ತಿಳಿಯದು. ಆದರೆ ನಾನು ಬರೆದ ಪ್ರತಿ ವರದಿಯನ್ನೂ ಅವರು ಓದುತ್ತಿದ್ದರು. ಓದಿ ಫೋನು ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಉದ್ಧರಣ ಚಿಹ್ನೆಯೊಳಗಿನ ಒಂದು ವಾಕ್ಯವನ್ನು ಓದಿ ಹೇಳಿ, “ಇದು ಅವ ಹಾಗೇ ಹೇಳಿದ್ದಾ, ನೀನು ಬರ್ದದ್ದಾ?”

“ಅವನೇ ಹೇಳಿದ್ದು ಮಾವ.”

“ಹಾಗೇ?”

“ಹೆಚ್ಚುಕಡಿಮೆ ಹಾಗೇ.”

“ಹೆಚ್ಚಾ, ಕಡಿಮೆಯಾ?” ಎಂದು ನಗುತ್ತಿದ್ದರು. “ನಮ್ಮಲ್ಲಿ ಯಂತ್ರಕ್ಕೆ ಹೆಚ್ಚುಕಡಿಮೆ ಹೇಳಿದ್ರೆ ಅದು ನಡಿಲಿಕ್ಕಿಲ್ಲ. ಮನುಷ್ಯರಿಗೆ ನಡೀತದೆ, ಅಲ್ವಾ? ಪಾಪ.”

ನನ್ನ ಸಂಪಾದಕರಿಂದ ನಾನು ಕಲಿತದ್ದು ವೇಗವನ್ನು. ಮಾತನ್ನು ಇದ್ದ ಹಾಗೆ ಇಡುವುದನ್ನು ಕಲಿಸಿದ್ದು ಫೋನಿನ ಆ ಪ್ರಶ್ನೆ.

ಮಾವ ಕುಡಿಯುತ್ತಿದ್ದರು. ಇದನ್ನು ಮೆದುಗೊಳಿಸಿ ಹೇಳಬೇಕಾಗಿಲ್ಲ. ಮೊದಲು ಶನಿವಾರ, ಆಮೇಲೆ ವಾರದ ನಡುವೆ, ಆಮೇಲೆ ಎಲ್ಲ ದಿನ. ಬಾಟಲಿಗಳು ಶೂ ಸ್ಟ್ಯಾಂಡಿನ ಹಿಂದೆ ಇರುತ್ತಿದ್ದವು. ಅತ್ತೆಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರುವುದು ಮಾವನಿಗೂ ಗೊತ್ತಿತ್ತು. ಒಂದು ಸಂಜೆ ಸಹೋದ್ಯೋಗಿಯ ಬೀಳ್ಕೊಡುಗೆ ಮುಗಿಸಿ ತಾವೇ ಕಾರು ಓಡಿಸಿಕೊಂಡು ಬರುವಾಗ, ಮನೆಗೆ ಇನ್ನು ಎರಡೇ ರಸ್ತೆ ಇದೆ ಎನ್ನುವಲ್ಲಿ, ತಿರುವಿನ ಸೈಕಲ್ ಹಾದಿಯಲ್ಲಿ ಬರುತ್ತಿದ್ದ ಒಬ್ಬ ಅಜ್ಜಿಗೆ ಗುದ್ದಿದರು. ಆಕೆಯ ಸೊಂಟದ ಮೂಳೆ ಮುರಿಯಿತು. ಬದುಕಿದರು, ಆದರೆ ಮತ್ತೆ ಸೈಕಲ್ ಹತ್ತಲಿಲ್ಲ. ಮಾವ ಓಡಿಹೋಗಲಿಲ್ಲ. ಆಕೆಯ ತಲೆಯ ಕೆಳಗೆ ತಮ್ಮ ಕೋಟು ಮಡಚಿಟ್ಟು ಪೊಲೀಸರು ಬರುವವರೆಗೆ ಅಲ್ಲೇ ನೆಲದ ಮೇಲೆ ಕೂತಿದ್ದರು. ತಪ್ಪು ಅವರದೇ. ಅವರು ಒಮ್ಮೆಯೂ ಬೇರೆ ರೀತಿ ಹೇಳಲಿಲ್ಲ.

ಶಿಕ್ಷೆಯಾಯಿತು. ಲೈಸೆನ್ಸ್ ಹೋಯಿತು. ಜೈಲು ವಾಸವನ್ನು ನ್ಯಾಯಾಲಯ ತಕ್ಷಣ ಜಾರಿ ಮಾಡದೆ ತೂಗುಹಾಕಿತು. ಷರತ್ತುಗಳನ್ನು ಪಾಲಿಸಿದರೆ ಜೈಲಿಲ್ಲ, ಮುರಿದರೆ ಆ ತಿಂಗಳುಗಳನ್ನು ಒಳಗೆ ಕಳೆಯಬೇಕು. ಮದ್ಯ ಮುಟ್ಟಕೂಡದು. ವೈದ್ಯರು ಬರೆದುಕೊಡದ ಯಾವ ಮಾದಕವಸ್ತುವೂ ಕೂಡದು. ಕರೆದಾಗ ಮೂತ್ರಪರೀಕ್ಷೆಗೆ ಹೋಗಬೇಕು. ವಾರಕ್ಕೊಮ್ಮೆ ವ್ಯಸನಮುಕ್ತಿ ಗುಂಪಿನಲ್ಲಿ ಕೂರಬೇಕು. ಕಾಲಿಗೆ ಬೆವರಿನಿಂದ ಮದ್ಯವನ್ನು ಅಳೆಯುವ ಸಾಧನ ಕಟ್ಟಿಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ. ಯುವಕ, ಸಭ್ಯ, ಬಂದಾಗಲೆಲ್ಲ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ. ಅತ್ತೆಗೆ ಅವನ ಮೇಲೆ ಮೊದಲ ಭೇಟಿಯಲ್ಲೇ ಗೌರವ ಬಂದದ್ದು ಅದಕ್ಕೇ.

ದುಭಾಷಿ ಬೇಕೇ ಎಂದು ಅವನು ಆಗಲೇ ಕೇಳಿದ್ದ. ಮಾವನಿಗೆ ಅವಮಾನವಾಗಿತ್ತು. ಆ ವಾರ ನನ್ನೊಡನೆ ಹೇಳಿದರು, “ಇಪ್ಪತ್ತು ವರ್ಷ ಆಯ್ತು ನಾನು ಇಲ್ಲಿ. ಅವ ನ್ಯಾಪಿ ಕಟ್ಟಿಕೊಂಡು ಇರುವಾಗ ನಾನು ಇಲ್ಲಿ ಟ್ಯಾಕ್ಸ್ ಕಟ್ತಾ ಇದ್ದೆ. ನಂಗೆ ಎಂಥಕ್ಕೆ ದುಭಾಷಿ?”

ನಿಯಮಗಳು ಮನೆಯೊಳಗೆ ಬಂದದ್ದು ಅಡುಗೆಮನೆಯ ಮೂಲಕ. ಅತ್ತೆ ಒಂದು ಇಡೀ ಮಧ್ಯಾಹ್ನ ಕಪಾಟು ಖಾಲಿ ಮಾಡಿದರು. ಊರಿನಿಂದ ತಂದಿದ್ದ ದಶಮೂಲಾರಿಷ್ಟ ಹೋಯಿತು. ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರವ, ಸೆಂಟು ಎಲ್ಲ ಹೋದವು. ಮೂತ್ರಪರೀಕ್ಷೆಯಲ್ಲಿ ಅಫೀಮಿನ ಗುರುತು ತೋರಿಸಬಹುದೆಂದು ಗಸಗಸೆ ಡಬ್ಬಿಯೂ ಹೋಯಿತು. ಆ ವರ್ಷ ಚೌತಿಗೆ ಶ್ಯಾವಿಗೆ ಪಾಯಸ. ಕೊನೆಗೆ ಇಡ್ಲಿ ಹಿಟ್ಟಿನ ಪಾತ್ರೆಯ ಎದುರು ನಿಂತು ಮೇಲ್ವಿಚಾರಕನಿಗೆ ನನ್ನಿಂದ ಫೋನು ಮಾಡಿಸಿದರು. “ಕೇಳು ಅವನತ್ರ, ಹಿಟ್ಟು ಹುಳಿ ಬರುದಲ್ಲ, ಅದ್ರಲ್ಲೂ ಅದು ಉಂಟಾ ಅಂತ.” ಅವನು ನಗಲಿಲ್ಲ. ಪ್ರಯೋಗಾಲಯದಲ್ಲಿ ವಿಚಾರಿಸಿ ಹೇಳುತ್ತೇನೆ ಎಂದ. ಮರುದಿನ ಫೋನು ಮಾಡಿ, ಬೆಂದ ಇಡ್ಲಿಗೆ ಅಡ್ಡಿಯಿಲ್ಲ ಎಂದ. ಮಾವ ಊಟದ ಮೇಜಿನಿಂದಲೇ ಕೂಗಿ ಹೇಳಿದರು, “ನೋಡು, ನಿನ್ನ ಇಡ್ಲಿಗೆ ಈಗ ಸರ್ಕಾರದ ಪರ್ಮಿಶನ್ ಸಿಕ್ಕಿತು.”

ಅದು ಆ ದಿನಗಳ ಕೊನೆಯ ನಗು ಇರಬೇಕು. ಕೆಲಸದಲ್ಲಿ ಮಾವ ಇದ್ದದ್ದು ಬಿಳಿ ಉಡುಪು ತೊಟ್ಟು ಒಳಹೋಗುವ, ಧೂಳಿಲ್ಲದ ಕೋಣೆಯಲ್ಲಿ. ಅಲ್ಲಿ ಎಲ್ಲವನ್ನೂ ಒರೆಸುವುದೇ ಸ್ಪಿರಿಟ್‌ನಿಂದ. ಸಾಧನ ಕಟ್ಟಿಕೊಂಡು ಅಲ್ಲಿಗೆ ಹೋಗುವಂತಿರಲಿಲ್ಲ. ಅವರನ್ನು ಕಾಗದಪತ್ರದ ಮೇಜಿಗೆ ಹಾಕಿದರು. ತಾವು ಜೋಡಿಸುತ್ತಿದ್ದ ಯಂತ್ರವನ್ನು ಗಾಜಿನಾಚೆಯಿಂದ ನೋಡಿಕೊಂಡು ಊಟಕ್ಕೆ ಹೋಗುವುದು ಕಷ್ಟವಾಗುತ್ತದೆ ಎಂದು ಒಮ್ಮೆ ಮಾತ್ರ ಹೇಳಿದ್ದರು. ಆದರೂ ಕುಡಿಯಲಿಲ್ಲ. ಕೈ ನಡುಗಿತು, ನಿದ್ದೆ ಹೋಯಿತು, ತೂಕ ಇಳಿಯಿತು. ಗುಂಪಿನಲ್ಲಿ ಕೂತು ತಮ್ಮ ಮನಸ್ಸಿನಲ್ಲಿರುವುದನ್ನು ಹೇಳಬೇಕಿತ್ತು. “ಆಫೀಸಿನ ಸ್ಟೇಟಸ್ ಮೀಟಿಂಗ್ ಹಾಗೆಯೇ ಮಾರಾಯ್ತಿ. ಎಲ್ರೂ ಈ ವಾರ ಎಷ್ಟು ಪ್ರೋಗ್ರೆಸ್ ಅಂತ ಹೇಳುದು. ನಂದು ಯಾವಾಗ್ಲೂ ಸೊನ್ನೆ. ಸೊನ್ನೆ ಹೇಳಿದ್ರೆ ಅಲ್ಲಿ ಚಪ್ಪಾಳೆ ಹೊಡಿತಾರೆ.”

ಚಳಿಗಾಲ ಮುಗಿಯುವ ಹೊತ್ತಿಗೆ ಸಾಧನದ ಕೆಳಗೆ ಚರ್ಮ ತುರಿಸತೊಡಗಿತು. ಅತ್ತೆಗೆ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ರಕ್ತ ನೋಡುವ ಮೊದಲು ಒರೆಸಿಕೊಳ್ಳಲು ಸಣ್ಣ ಚೌಕದ ಒದ್ದೆ ಬಟ್ಟೆಗಳು ಬರುತ್ತವಲ್ಲ, ಬೆಳ್ಳಿ ಬಣ್ಣದ ಪೊಟ್ಟಣದಲ್ಲಿ, ಅವು ಅವರ ಕೈಗೆ ಸದಾ ಸಿಗುತ್ತಿದ್ದವು. ಒಂದು ಸಂಜೆ ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅತ್ತೆ ಅಂಥ ಎರಡು ಬಟ್ಟೆಗಳಿಂದ ಪಟ್ಟಿಯ ಸುತ್ತ, ಸಂದಿಯೊಳಗೂ ಒರೆಸಿದರು. ಅದು ಸ್ಪಿರಿಟ್‌ನ ಬಟ್ಟೆ. ಕುಡಿಯುವಂಥದ್ದನ್ನೆಲ್ಲ ಮನೆಯಿಂದ ಹೊರಹಾಕಿದ ಅತ್ತೆಗೆ ಕಾಲಿಗೆ ಒರೆಸುವುದು ಲೆಕ್ಕಕ್ಕೆ ಬರುತ್ತದೆಂದು ಹೊಳೆಯಲಿಲ್ಲ.

ಸಾಧನ ಅದನ್ನು ದಾಖಲಿಸಿತು. ಮಟ್ಟ ಒಮ್ಮೆಗೇ ಏರಿ ಒಮ್ಮೆಗೇ ಇಳಿದಿತ್ತು. ಕುಡಿದವರಲ್ಲಿ ಹಾಗಾಗುವುದಿಲ್ಲ, ನಿಧಾನ ಏರಿ ನಿಧಾನ ಇಳಿಯುತ್ತದೆ. ಹಾಗಾಗಿ ಮೇಲ್ವಿಚಾರಕನಿಗೆ ಖಚಿತವಿರಲಿಲ್ಲ. ನಿಯಮದ ಪ್ರಕಾರ ಫೋನು ಮಾಡಿ ಮಾವನನ್ನೇ ಕೇಳಿದ.

ಆ ಫೋನಿನ ಮಾತಿಗೆ ಸಾಕ್ಷಿ ಅತ್ತೆ ಒಬ್ಬರೇ. “ಅವ ಏನೇನೋ ಕೇಳಿದ. ಇವರು ಯಾ, ಯಾ ಹೇಳಿದ್ರು. ಕಡೆಗೆ ಥ್ಯಾಂಕ್ಸೂ ಹೇಳಿದ್ರು. ಎಷ್ಟು ಚೆಂದ ಮಾತಾಡಿದ್ರು ಅಂತ ನಾನು ಎಣಿಸಿದ್ದು” ಎಂದು ಆಮೇಲೆ ನನಗೆ ಹೇಳಿದರು.

ಎರಡು ವಾರದ ಮೇಲೆ ಕೋರ್ಟಿನಿಂದ ಲಕೋಟೆ ಬಂತು. ಷರತ್ತು ಮುರಿದ ಕಾರಣ ತೂಗುಹಾಕಿದ ಜೈಲುವಾಸವನ್ನು ಜಾರಿಗೊಳಿಸಬೇಕೆಂದು ಸರ್ಕಾರಿ ವಕೀಲರು ಕೇಳಿದ್ದರು. ಕಾರಣವಾಗಿ ಕೊಟ್ಟದ್ದು ಸಾಧನದ ಅಂಕಿಯಲ್ಲ. ‘ಮದ್ಯ ಸೇವಿಸಿದ್ದನ್ನು ಫೋನಿನಲ್ಲಿ ಕೇಳಿದಾಗ ಒಪ್ಪಿಕೊಂಡಿದ್ದಾರೆ’ ಎಂಬ ಒಂದು ವಾಕ್ಯ.

ನಾನು ಶನಿವಾರ ಹೋದಾಗ ಮಾವ ಆ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. “ಸುಳ್ಳು ಬರ್ದಿದ್ದಾನೆ ಆ ಹುಡುಗ. ನಾನು ಹಾಗೆ ಹೇಳ್ಲೇ ಇಲ್ಲ. ಶೂ ಬಿಚ್ಚಿ ಒಳಗೆ ಬರುವವ, ಹೀಗೆ ಸುಳ್ಳು ಬರಿತಾನಾ?”

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಅವ ಎಂಥಕ್ಕೆ ಸುಳ್ಳು ಬರಿತಾನೆ? ಅವನಿಗೆ ಎಂಥ ಸಿಗ್ತದೆ?”

“ನೀನು ಹೀಗೆ ಕೇಳುದಾ?”

“ಕೇಳದೆ ಮತ್ತೆಂಥ ಮಾಡ್ಲಿ? ಆವಾಗ್ಲೂ ನೀವು ಕುಡಿಲಿಲ್ಲ ಅಂತಲೇ ಹೇಳ್ತಾ ಇದ್ರಿ. ಎಷ್ಟು ವರ್ಷ ಹೇಳಿದ್ರಿ?”

ಮಾವ ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿದರು. ಅತ್ತೆ ಒಳಗೆ ಹೋದರು. ಆ ದಿನಗಳಲ್ಲಿ ಅವರು ಶೂ ಸ್ಟ್ಯಾಂಡನ್ನು ಗೋಡೆಯಿಂದ ಎಳೆದು ಹಿಂದೆ ಕೈಯಾಡಿಸುವುದನ್ನು ನಾನು ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದರಿಂದ ಸಮಾಧಾನವೂ ಆಗಲಿಲ್ಲ, ಬೇರೆ ಜಾಗ ಹುಡುಕಿಕೊಂಡಿರಬೇಕು ಎಂದು ಅನುಮಾನ ಬೆಳೆಯಿತು. ಮಾವ ಹತ್ತಿರ ಬಂದರೆ ಉಸಿರೆಳೆದು ಮೂಸುತ್ತಿದ್ದರು. ನೈಮೆಗನ್‌ನಲ್ಲಿ ಓದುತ್ತಿದ್ದ ಅವರ ಮಗಳು ಆ ತಿಂಗಳು ಮನೆಗೆ ಬರಲಿಲ್ಲ. ಪರೀಕ್ಷೆ ಇದೆ ಎಂದಳು.

ಆ ಶನಿವಾರ ನನ್ನನ್ನು ಬಸ್ಸಿಗೆ ಬಿಡಲು ಮಾವ ನಡೆದೇ ಬಂದರು. ನಿಲ್ದಾಣದಲ್ಲಿ ಕೇಳಿದರು. “ನೀನಾದ್ರೂ ನಂಬ್ತೀಯಾ?”

“ನಂಗೆ ಗೊತ್ತಿಲ್ಲ ಮಾವ” ಎಂದೆ.

ಅವರು ಹೇಳಿದರು, “ಅದು ಸರಿ. ನೀನು ಅಲ್ಲಿ ಇರ್ಲಿಲ್ಲವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳ್ಬೇಕು.” ಬಸ್ಸು ಬಂದಾಗ ನನ್ನ ಚೀಲ ಎತ್ತಿಕೊಟ್ಟರು. ಒಳಗೆ ಅತ್ತೆ ಕಟ್ಟಿಕೊಟ್ಟ ಪತ್ರೊಡೆ ಇತ್ತು. ಜಗಳದ ನಡುವೆಯೂ ಅದು ಆಗಿತ್ತು.

ಅವರ ವಕೀಲ ಚುರುಕಿನವನು. ಅತ್ತೆಯನ್ನು ಎದುರು ಕೂರಿಸಿ ಒಂದೊಂದಾಗಿ ಕೇಳಿ ಸ್ಪಿರಿಟ್ ಬಟ್ಟೆಯ ವಿಷಯ ಹೊರತಂದ. ಅತ್ತೆಗೆ ಆಗ ಗೊತ್ತಾಯಿತು. ಅವರು ಅಳಲಿಲ್ಲ. ಕೈಚೀಲದಿಂದ ಆ ಪೊಟ್ಟಣಗಳನ್ನೆಲ್ಲ ತೆಗೆದು ವಕೀಲನ ಮೇಜಿನ ಮೇಲೆ ಸಾಲಾಗಿ ಇಟ್ಟು, ಎದ್ದು ಹೊರಗೆ ಹೋಗಿ ನಿಂತರು. ವಕೀಲ ಮಾವನಿಗೆ ಹೇಳಿದ: “ಯಂತ್ರದ ವಿಷಯ ನಾನು ನೋಡಿಕೊಳ್ಳುತ್ತೇನೆ. ಆದರೆ ನೀವೇ ಒಪ್ಪಿಕೊಂಡಿದ್ದೀರಿ. ನಿಮ್ಮ ಬಾಯಿಯ ಮಾತಿಗೆ ನಾನೇನು ಮಾಡಲಿ?”

“ನಾನು ಒಪ್ಪಿಕೊಂಡಿಲ್ಲ” ಎಂದರು ಮಾವ. ವಕೀಲ ಬರೆದುಕೊಂಡ. ಆದರೆ ಅವನ ಮುಖ ನಂಬಿದವನದಾಗಿರಲಿಲ್ಲ. ಆ ಮುಖ ನನಗೆ ಕೋರ್ಟಿನಲ್ಲಿ ದಿನವೂ ಕಾಣುವಂಥದು.

ವಿಚಾರಣೆಯ ದಿನ ನಾನು ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದೆ, ವರದಿಗಾರರ ಮೇಜಿನಲ್ಲಿ ಅಲ್ಲ. ಮಾವ ಮದುವೆಗಳಿಗೆಂದು ಹೊಲಿಸಿದ್ದ ಬೂದು ಬಣ್ಣದ ಸೂಟು ಹಾಕಿದ್ದರು. ತೂಕ ಇಳಿದದ್ದರಿಂದ ಅದು ಬೇರೆಯವರದ್ದೆಂಬಂತೆ ಜೋಲುತ್ತಿತ್ತು. ನ್ಯಾಯಾಧೀಶೆ ಸೌಮ್ಯವಾಗಿಯೇ ಮಾತನಾಡಿದರು. ಕಡತ ನೋಡಿ, ಕನ್ನಡಕ ತೆಗೆದು, ಕೇಳಿದರು:

“ನಿಮ್ಮ ವಕೀಲರು ಹೇಳುವುದು ನನಗೆ ಅರ್ಥವಾಯಿತು. ಹಾಗಾದರೆ ಆ ಸಂಜೆ ನೀವು ಏನೂ ಕುಡಿದಿರಲಿಲ್ಲ?”

ಮಾವ ಬೆನ್ನು ನೆಟ್ಟಗೆ ಮಾಡಿ ಸ್ಪಷ್ಟವಾಗಿ ಹೇಳಿದರು, “ಯಾ.”

“ಯಾ?” ಎಂದರು ನ್ಯಾಯಾಧೀಶೆ.

“ಯಾ, ಯಾ” ಎಂದರು ಮಾವ, ಸಮಾಧಾನದಿಂದ. ಸರ್ಕಾರಿ ವಕೀಲರು ಏನೋ ಬರೆದುಕೊಂಡರು. ಮಾವನ ವಕೀಲ ಕಣ್ಣು ಮುಚ್ಚಿದ.

ನನ್ನ ಕಿವಿಗೆ ಕೇಳಿಸಿದ್ದು ‘ಯಾ’ ಅಲ್ಲ. ‘ಅಂದ್’. ನೀವು ಕುಡಿದಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಮ್ಮವರು ಆ ಮಾತು ಸರಿಯೋ ತಪ್ಪೋ ಎಂದು ನೋಡುತ್ತಾರೆ. ಸರಿಯಿದ್ದರೆ ಹೌದು ಎನ್ನುತ್ತಾರೆ. ಹೌದು, ಕುಡಿದಿರಲಿಲ್ಲ. ಇಲ್ಲಿಯವರು ನೋಡುವುದು ಕುಡಿದದ್ದನ್ನು. ಕುಡಿದಿರದಿದ್ದರೆ ಇಲ್ಲ ಎನ್ನಬೇಕು. ಇಂಥ ಪ್ರಶ್ನೆಗೆ ಇಲ್ಲಿ ‘ಯಾ’ ಎಂದರೆ ಕುಡಿದೆ ಎಂದೇ ಲೆಕ್ಕ. ಫೋನಿನಲ್ಲಿ ಆ ಯುವಕ ಕೇಳಿದ್ದೂ ಹೀಗೆಯೇ ಇರಬೇಕು: ಏನೂ ಕುಡಿದಿಲ್ಲ ತಾನೆ? ಅವನು ಸುಳ್ಳು ಬರೆದಿರಲಿಲ್ಲ. ಕೇಳಿಸಿದ್ದನ್ನೇ ಬರೆದಿದ್ದ.

ಬೆಂಚಿನಿಂದ ಮಾತನಾಡುವಂತಿಲ್ಲ. ವಕೀಲ ಐದು ನಿಮಿಷ ಬಿಡುವು ಕೇಳಿದ. ಹೊರಗೆ ಕಾಫಿ ಯಂತ್ರದ ಪಕ್ಕದಲ್ಲಿ, ಅವನೆದುರೇ, ನಾನು ಮಾವನನ್ನು ಕನ್ನಡದಲ್ಲಿ ಕೇಳಿದೆ.

“ಮಾವ, ಆ ದಿನ ನೀವು ಕುಡ್ದಿರ್ಲಿಲ್ಲ ಅಲ್ವಾ?”

“ಹೌದು.”

“ಹೌದು ಅಂದ್ರೆ?”

“ಹೌದು ಅಂದ್ರೆ ಕುಡಿಲಿಲ್ಲ. ಮತ್ತೆಂಥ? ನಿನಗೂ ಕನ್ನಡ ಮರೆತುಹೋಯ್ತಾ?”

ನಾನು ಅದನ್ನು ಪದಪದವಾಗಿ ಡಚ್ಚಿಗೆ ತಿರುಗಿಸಿ ವಕೀಲನಿಗೆ ಹೇಳಿದೆ. ಅವನು ಮೊದಲು ನನ್ನನ್ನು, ಆಮೇಲೆ ಮಾವನನ್ನು ನೋಡಿದ. ಮಾವನಿಗೆ ಅರ್ಥವಾಗಲು ಇನ್ನೂ ಒಂದು ಕ್ಷಣ ಬೇಕಾಯಿತು. ಕೈಯಲ್ಲಿದ್ದ ಕಾಗದದ ಲೋಟವನ್ನು ನಿಧಾನವಾಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. “ಇಪ್ಪತ್ತು ವರ್ಷ” ಎಂದರು. ಅಷ್ಟೇ ಹೇಳಿದ್ದು. ಈ ಇಪ್ಪತ್ತು ವರ್ಷದಲ್ಲಿ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಡಾಕ್ಟರ ಬಳಿ, ಆಫೀಸಿನಲ್ಲಿ ತಾವು ಎಲ್ಲೆಲ್ಲಿ ‘ಯಾ’ ಎಂದಿದ್ದರು ಎಂದು ಲೆಕ್ಕ ಹಾಕುತ್ತಿದ್ದರೇನೋ. ನಾನು ಕೇಳಲಿಲ್ಲ.

ಒಳಗೆ ಹೋದ ಮೇಲೆ ವಕೀಲನ ಕೋರಿಕೆಯಂತೆ ನ್ಯಾಯಾಧೀಶೆ ಪ್ರಶ್ನೆ ಬದಲಿಸಿದರು. “ಆ ಸಂಜೆ ಏನು ಕುಡಿದಿರಿ?”

“ಜೀರಿಗೆ ಕಷಾಯ” ಎಂದರು ಮಾವ. ಅದು ಏನೆಂದು ಡಚ್ಚಿನಲ್ಲಿ ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಹಾಗಾದರೆ ನೀವು ‘ಯಾ’ ಎಂದದ್ದು ಯಾವುದಕ್ಕೆ?”

“ನಿಮ್ಮ ಮಾತಿಗೆ. ನಾನು ಕುಡಿದಿರಲಿಲ್ಲ ಎಂದು ನೀವು ಹೇಳಿದಿರಿ. ನೀವು ಹೇಳಿದ್ದು ಸರಿ ಎಂದೆ.”

ನ್ಯಾಯಾಧೀಶೆ ನಗಲಿಲ್ಲ. ತುಂಬ ಹೊತ್ತು ಮಾವನನ್ನೇ ನೋಡಿದರು. ನಂಬಿದರೋ ಇಲ್ಲವೋ ಹೇಳುವುದು ಕಷ್ಟ. ಆದೇಶದಲ್ಲಿ ಇದ್ದದ್ದು ಇಷ್ಟು: ಕುಡಿದದ್ದು ಸಾಬೀತಾಗಿಲ್ಲ, ಜೈಲುವಾಸ ಜಾರಿಯಾಗುವುದಿಲ್ಲ. ಆದರೆ ಸಾಧನದ ಬಳಿ ಸ್ಪಿರಿಟ್ ತಾಗಿಸಿದ್ದು ಷರತ್ತಿಗೆ ವಿರುದ್ಧ, ಆದ್ದರಿಂದ ಮೇಲ್ವಿಚಾರಣೆ ಇನ್ನೊಂದು ವರ್ಷ. ಕಡತದಿಂದ ಮೊದಲಿನ ವಾಕ್ಯವನ್ನು ತೆಗೆಯಲಿಲ್ಲ. ಕೆಳಗೆ ಇನ್ನೊಂದು ವಾಕ್ಯ ಸೇರಿತು, ಅಷ್ಟೆ.

ಅದು ಗೆಲುವು ಎಂದು ವಕೀಲ ಕೈಕುಲುಕಿದ. ಮೇಲ್ವಿಚಾರಕ ಮುಂದಿನ ಭೇಟಿಯಲ್ಲಿ ಬಾಗಿಲಲ್ಲಿ ಶೂ ಬಿಚ್ಚಿ, ಒಳಗೆ ಬಂದು, ನಿಂತುಕೊಂಡೇ ಕ್ಷಮೆ ಕೇಳಿದ. ಮಾವ, “ನೀವು ಕೇಳಿಸಿದ್ದನ್ನು ಬರೆದಿರಿ. ನನಗೆ ನಿಮ್ಮ ಮೇಲೆ ಕೋಪ ಇಲ್ಲ” ಎಂದು ಪೂರ್ತಿ ವಾಕ್ಯದಲ್ಲಿ ಹೇಳಿದರು.

ಅಂದಿನಿಂದ ಅವರು ಎಲ್ಲವನ್ನೂ ಪೂರ್ತಿ ವಾಕ್ಯದಲ್ಲೇ ಹೇಳತೊಡಗಿದರು. ‘ಯಾ’ ಹೋಯಿತು. ಅದರ ಹಿಂದೆ ‘ಹೌದು’ ಕೂಡ ಹೋಯಿತು, ‘ಅಂದ್’ ಕೂಡ ಹೋಯಿತು. ಊಟ ಆಯ್ತಾ ಎಂದರೆ, “ನಾನು ಊಟ ಮಾಡಿದ್ದೇನೆ.” ಹಾಲು ತಂದಿಲ್ವಾ ಎಂದರೆ, “ನಾನು ಹಾಲು ತಂದಿದ್ದೇನೆ, ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.” ಮಗಳು ಒಮ್ಮೆ, “ಪಪ್ಪಾ, ಯೂ ಟಾಕ್ ಲೈಕ್ ಎ ವೆಬ್‌ಸೈಟ್” ಎಂದಳು. ಮಾವ ಯೋಚಿಸಿ, “ನಾನು ವೆಬ್‌ಸೈಟಿನ ಹಾಗೆ ಮಾತಾಡ್ತೇನೆ, ನಿಜ” ಎಂದರು. ಅವಳು ನಕ್ಕಳು. ಅವರು ತಮಾಷೆ ಮಾಡಿದ್ದೋ ಅಲ್ಲವೋ ನನಗೆ ತಿಳಿಯಲಿಲ್ಲ. ನಾನು ಫೋನಿನಲ್ಲಿ ಏನಾದರೂ ಹೇಳುವಾಗ ಆ ಬದಿಯಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಲೈನ್ ಹೋಯಿತೇ ಎಂದು ಎಷ್ಟೋ ಸಲ ನಿಲ್ಲಿಸಿ ಕೇಳಿದ್ದೇನೆ. “ನಾನು ಕೇಳ್ತಾ ಇದ್ದೇನೆ” ಎನ್ನುತ್ತಿದ್ದರು. ಅತ್ತೆ ಆ ಮೌನಕ್ಕೆ ಹೊಂದಿಕೊಳ್ಳಲೇ ಇಲ್ಲ. ಮೊದಲು ಅಡುಗೆ ಮಾಡುತ್ತ ಒಳಗಿನಿಂದಲೇ ಊರಿನ ಸುದ್ದಿ ಹೇಳುತ್ತಿದ್ದವರು ಕ್ರಮೇಣ ಹೇಳುವುದನ್ನು ಬಿಟ್ಟರು.

ಬೆರಳು ಒರೆಸಿಕೊಳ್ಳಲು ಅತ್ತೆ ಆಮೇಲೆ ಬಿಸಿನೀರು, ಸೋಪು ಬಳಸಿದರು. ಬೆಳ್ಳಿ ಬಣ್ಣದ ಪೊಟ್ಟಣ ಆ ಮನೆಗೆ ಮತ್ತೆ ಬರಲಿಲ್ಲ.

ಆ ಇನ್ನೊಂದು ವರ್ಷವನ್ನೂ ಮಾವ ಕುಡಿಯದೆ ಮುಗಿಸಿದರು. ಸಾಧನ ಬಿಚ್ಚಿದರು. ಧೂಳಿಲ್ಲದ ಕೋಣೆಗೆ ಮರಳುವ ಹೊತ್ತಿಗೆ ಅವರ ಜಾಗದಲ್ಲಿ ಬೇರೆಯವರಿದ್ದರು. ಆಮೇಲೆ ಹೊಟ್ಟೆ ಊದಿಕೊಂಡಿತು, ಕಣ್ಣು ಹಳದಿಯಾಯಿತು. ಯಕೃತ್ತು ಮೊದಲೇ ಹೋಗಿತ್ತು, ನಿಲ್ಲಿಸಿದ್ದು ತಡವಾಯಿತು ಎಂದು ವೈದ್ಯರು ಹೇಳಿದರು. ಇಲ್ಲಿಯ ವೈದ್ಯರು ಇದನ್ನು ರೋಗಿಗೇ ನೇರವಾಗಿ ಹೇಳುತ್ತಾರೆ. ಮಾವ ಕೇಳಿಸಿಕೊಂಡು, “ಎಷ್ಟು ಸಮಯ ಇದೆ ಎಂದು ನೀವು ಹೇಳಬಹುದು. ನಾನು ಎಂಜಿನಿಯರ್” ಎಂದರು.

ತಾವು ಗುದ್ದಿದ ಆ ಅಜ್ಜಿಗೆ ಒಂದು ಮಾತು ಹೇಳಿ ಕಳಿಸಬೇಕು ಎಂದು ಅವರಿಗೆ ಆಸೆಯಿತ್ತು. ಮೇಲ್ವಿಚಾರಕನ ಮೂಲಕ ವಿಚಾರಿಸಿದಾಗ ಆಕೆಯ ಮನೆಯವರು ಬೇಡ ಎಂದರು. ಮಾವ ಅದನ್ನು ಒಪ್ಪಿಕೊಂಡರು. “ಅವರಿಗೆ ಬೇಡ ಅಂತ ಹೇಳುವ ಹಕ್ಕು ಉಂಟು” ಎಂದರು. ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

ಕೊನೆಯ ವಾರಗಳಲ್ಲಿ ಹಾಸಿಗೆಯನ್ನು ಹಾಲಿನ ಕಿಟಕಿಯ ಪಕ್ಕ ಹಾಕಿದ್ದರು. ಕಾಲಿನ ಮೇಲೆ ಹೊದಿಕೆ ನಿಲ್ಲುತ್ತಿರಲಿಲ್ಲ, ಸೆಕೆ ಎಂದು ತೆಗೆದುಹಾಕುತ್ತಿದ್ದರು. ಬೋಳು ಪಟ್ಟಿ ಕಾಣುತ್ತಿತ್ತು. ಕಿಟಕಿಯಾಚೆ ಸೈಕಲ್ ಹಾದಿ. ಶಾಲೆ ಬಿಡುವ ಹೊತ್ತಿಗೆ ಗಂಟೆಗಳ ಸದ್ದು.

ದಿನವೂ ಬರುತ್ತಿದ್ದ ನರ್ಸ್ ಒಂದು ಮಧ್ಯಾಹ್ನ ನೋವು ತಗ್ಗಿಸುವ ಔಷಧಿಯ ಪಂಪಿನ ಮೇಲೆ ಕೈಯಿಟ್ಟು ಬಾಗಿ ಕೇಳಿದಳು, “ನೋವಿಲ್ಲ ತಾನೆ?”

ಮಾವನ ತುಟಿ ಅಲುಗಿತು. “ಯಾ.”

ಅತ್ತೆ ನನ್ನನ್ನು ನೋಡಿದರು. ವರ್ಷಕ್ಕಿಂತ ಹೆಚ್ಚಾಗಿ ಆ ಬಾಯಲ್ಲಿ ಕೇಳದ ಶಬ್ದ. ಅದು ಹಳೆಯ ಮಾವನ ಯಾ ಆಗಿದ್ದರೆ ನೋವಿಲ್ಲ. ಕೋರ್ಟಿನ ನಂತರದ ಮಾವನದಾಗಿದ್ದರೆ ನೋವಿದೆ. ನರ್ಸ್‌ಗೆ ಸ್ವಲ್ಪ ತಡೆಯಲು ಹೇಳಿ ನಾನು ಅವರ ಕಿವಿಯ ಬಳಿ ಬಾಗಿದೆ. ಈ ಸಲ ತುಳುವಿನಲ್ಲಿ ಕೇಳಿದೆ, ತಿರುವಿಲ್ಲದ ಪ್ರಶ್ನೆ, ನೋವಿದೆಯೇ ಎಂದು ಮಾತ್ರ.

“ಮಾಮ, ಬೇನೆ ಉಂಡಾ?”

“ಅಂದ್” ಎಂದರು ಮಾವ. ಸ್ವಲ್ಪ ಬಿಟ್ಟು, ಉಸಿರಿನ ನಡುವೆ, ಕಣ್ಣು ಮುಚ್ಚಿಕೊಂಡೇ, ಯಾರೋ ದೂರದಿಂದ ಕಥೆ ಹೇಳುತ್ತಿದ್ದಾರೆ ಎಂಬಂತೆ, “ಅಂದ್, ಅಂದ್.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಏನೆಂದರು?” ನರ್ಸ್ ಕೇಳಿದಳು.

ನಾನು ಹೌದು ಎನ್ನಬಹುದಿತ್ತು. ಇಲ್ಲ ಎನ್ನಬಹುದಿತ್ತು. ಎರಡೂ ನನ್ನ ಮಾತಾಗುತ್ತಿತ್ತು.

“ಕೇಳಿಸುತ್ತಿದೆ ಎಂದರು” ಎಂದೆ. “ನೋವಿನ ಬಗ್ಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ನೀವೇ ನೋಡಿ.”

ಅವಳು ನೋಡಿದಳು. ಹಣೆಯ ಗೆರೆಗಳನ್ನು, ಹೊದಿಕೆಯ ಅಂಚನ್ನು ಹಿಡಿದಿದ್ದ ಬೆರಳುಗಳನ್ನು, ಎಡಗಾಲನ್ನು ಉಜ್ಜುತ್ತಿದ್ದ ಬಲಗಾಲಿನ ಹೆಬ್ಬೆರಳನ್ನು ತುಂಬ ಹೊತ್ತು ನೋಡಿ, ಪಂಪನ್ನು ಸ್ವಲ್ಪ ಏರಿಸಿದಳು. ಹೆಬ್ಬೆರಳು ನಿಂತಿತು. ಅತ್ತೆ ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು, ಊರಿನ ಯಾವುದೋ ಸುದ್ದಿ ಹೇಳತೊಡಗಿದರು. ಉತ್ತರ ಬರಲಿಲ್ಲ, ಅವರು ನಿಲ್ಲಿಸಲೂ ಇಲ್ಲ. ಮರುದಿನ ಬೆಳಿಗ್ಗೆ ಮಾವ ತೀರಿಕೊಂಡರು.

ಅವರು ಹೇಳಿದ್ದು ಅಷ್ಟೇ. ನಾನು ಬರೆದದ್ದೂ ಅಷ್ಟೇ.